ಟೇಪ್ ಬಿಟ್ಟು ಕದಲದ ಗಾಡಿ

ನಮ್ಮ ಗೋದಾಮಿನಲ್ಲಿ ಈಗ ಡ್ರೈವರ್ ಇಲ್ಲದ ಗಾಡಿಗಳದ್ದೇ ದರ್ಬಾರು. ನೆಲಕ್ಕೆ ಅಂಟಿಸಿದ ಮ್ಯಾಗ್ನೆಟಿಕ್ ಟೇಪ್ ಹಿಡಿದು ಪ್ಯಾಲೆಟ್ (ಸರಕು ಪೇರಿಸೋ ಹಲಗೆ) ಹೊತ್ತು ಹೋಗ್ತವೆ, ಚಾರ್ಜ್ ಕಮ್ಮಿಯಾದ್ರೆ ತಾವೇ ಹೋಗಿ ಚಾರ್ಜಿಂಗಿಗೆ ನಿಲ್ತವೆ. ನೋಡೋಕೆ ಬಲು ಚಂದ.

ಒಳಗಿರೋರಿಗೇ ಗೊತ್ತು ಇದರ ಹಠ. ಪ್ಯಾಲೆಟ್‌ಗೆ ಸುತ್ತೋ ಸ್ಟ್ರೆಚ್ ಫಿಲ್ಮ್‌ನ ತುಂಡೊಂದು ದಾರಿಯಲ್ಲಿ ಎದ್ದು ನಿಂತರೆ ಸಾಕು, ಗಾಡಿಯ ಮೂತಿಯಲ್ಲಿರೋ ಸ್ಕ್ಯಾನರ್‌ಗೆ ಅದೂ ಮನುಷ್ಯನ ಕಾಲೇ. ಗಾಡಿ ಗಕ್ಕನೆ ನಿಂತು ಪೀಂ ಪೀಂ ಅನ್ನುತ್ತೆ. ಹಿಂದೆ ಬಂದವೂ ಸಾಲುಗಟ್ಟುತ್ತವೆ. ಪಕ್ಕದಲ್ಲಿ ಲಾರಿ ಹೋಗುವಷ್ಟು ಜಾಗ ಇದ್ದರೂ ಬಳಸಿಕೊಂಡು ಹೋಗಲ್ಲ. ಹಾಗೆ ತಾವೇ ದಾರಿ ನೋಡಿಕೊಂಡು ಹೋಗುವ ಎಎಂಆರ್ ಅನ್ನೋ ರೋಬೋಟ್ ಗಾಡಿಗಳೂ ಇವೆ, ಆದರೆ ರೇಟು ಕೇಳಿ ನಮ್ಮ ಸಾಹೇಬರು ತಣ್ಣಗಾದರು. ಕೊನೆಗೆ ಹೌಸ್‌ಕೀಪಿಂಗ್ ಅಕ್ಕ ಬಂದು ಪ್ಲಾಸ್ಟಿಕ್ ಎತ್ತಿ "ಹೋಗಪ್ಪ ಇನ್ನ" ಅಂದಮೇಲೇ ಮೆರವಣಿಗೆ ಹೊರಡೋದು.

ಹಾಗಂತ ಇದೇನು ಹೊಸ ಮಾಲಲ್ಲ. ಅಮೆರಿಕದ ಬ್ಯಾರೆಟ್ ಕಂಪನಿ 1950ರ ದಶಕದಲ್ಲೇ ತಂತಿಯ ಜಾಡು ಹಿಡಿದು ಓಡುವ ಗಾಡಿ ಮಾಡಿತ್ತು. 1974ರಲ್ಲಿ ಸ್ವೀಡನ್ನಿನ ಕಾಲ್ಮಾರ್‌ನಲ್ಲಿ ವೋಲ್ವೊ ಇಂಥವುಗಳ ಮೇಲೇ ಕಾರು ಜೋಡಿಸತೊಡಗಿತು. 2012ರಲ್ಲಿ ಅಮೆಜಾನ್ 77.5 ಕೋಟಿ ಡಾಲರ್ ಕೊಟ್ಟು ಗೋದಾಮಿನ ರೋಬೋಟ್ ಮಾಡುತ್ತಿದ್ದ ಕೀವಾ ಸಿಸ್ಟಮ್ಸ್ ಕಂಪನಿಯನ್ನು ಕೊಂಡಿತು. ಆ ರೋಬೋಟ್ ಇರೋ ಕಡೆ ಆಳು ಕಪಾಟಿನ ಹತ್ತಿರ ಹೋಗೋದಿಲ್ಲ, ರೋಬೋಟಿನ ಬೆನ್ನೇರಿ ಕಪಾಟೇ ಆಳಿನ ಹತ್ತಿರ ಬರುತ್ತೆ.

ನಮ್ಮಲ್ಲೂ ನಡಿಗೆ ಕಮ್ಮಿಯಾಗಿದೆ, ಮೊಣಕಾಲಿಗೆ ಆರಾಮ. ಟ್ರಾಲಿ ತಳ್ಳುತ್ತಿದ್ದ ಹುಡುಗರಲ್ಲಿ ಕೆಲವರು ಈಗ ಫೋರ್ಕ್‌ಲಿಫ್ಟ್ ಚಕ್ರಕ್ಕೆ ಕಿತ್ತುಬಂದ ಟೇಪ್ ಮತ್ತೆ ಅಂಟಿಸ್ತಾರೆ. ಉಳಿದವರ ಕಾಂಟ್ರಾಕ್ಟ್ ಈ ಸಲ ರಿನ್ಯೂ ಆಗಲಿಲ್ಲ.