20 ಲೀಟರಿನ ಕ್ಯಾನು

ಬಚ್ಚಲಿನ ಮೂಲೆಯಲ್ಲಿಟ್ಟಿದ್ದ ಕ್ಯಾನಿನ ಮುಚ್ಚಳ ತೆಗೆದೆ ನೋಡಿ, ಮನೆಮಂದಿಯೆಲ್ಲ ಮೂಗು ಮುಚ್ಚಿಕೊಂಡು ಹೊರಗೋಡಿದರು. “ಇವರಿಗೇನು ಹುಚ್ಚಾ?” ಎಂದು ಹೆಂಡತಿ ಕೇಳಿದ್ದು ನನ್ನನ್ನಲ್ಲ, ಗೋಡೆಯನ್ನು.

ಆ ಕ್ಯಾನಿನಲ್ಲಿದ್ದದ್ದು ನನ್ನದೇ ಮೂತ್ರ, ಗಿಡಗಳಿಗೆ ಗೊಬ್ಬರವಾಗಲೆಂದು ಕೂಡಿಟ್ಟದ್ದು. ದೊಡ್ಡವರೊಬ್ಬರು ದಿನಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ಹೊಯ್ಯುತ್ತಾರೆ. 20 ಲೀಟರ್ ತುಂಬಲು ಎರಡು ವಾರ ಸಾಕಾಯಿತು. ಆಮೇಲೆ ಒಂದು ತಿಂಗಳು ಬಿಗಿಯಾಗಿ ಮುಚ್ಚಿಟ್ಟಿದ್ದೆ. ಒಳಗಿನ ಯೂರಿಯಾವನ್ನು ಸೂಕ್ಷ್ಮಾಣುಗಳು ಅಮೋನಿಯಾ ಮಾಡಿಬಿಡುತ್ತವೆ, ಕಣ್ಣು ಉರಿಸುವ ಘಾಟು ಅದರದ್ದೇ. ರೋಗಾಣುಗಳು ಸಾಯುವುದೂ ಅದರಿಂದಲೇ. ಮುಚ್ಚಳ ಸಡಿಲಾದರೆ ಗಿಡಕ್ಕೆ ಸೇರಬೇಕಾದ ಸಾರಜನಕ ಗಾಳಿಪಾಲು.

ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಬೇಕೆಂದು ಓದಿಕೊಂಡಿದ್ದೆ. ಆದರೆ 200 ಲೀಟರ್ ನೀರು ಹೊರುವವರು ಯಾರು? ಸಮಸಮ ಬೆರೆಸಿ, ಅದೂ ನಡುಮಧ್ಯಾಹ್ನ, ಕುಂಡದ ಟೊಮ್ಯಾಟೊ ಗಿಡಗಳ ಬುಡಕ್ಕೇ ಸುರಿದೆ. ಮೂರನೇ ದಿನಕ್ಕೆ ಎಲೆಯಂಚು ಸುಟ್ಟ ಕಾಗದದ ಹಾಗೆ ಸುರುಟಿತು. ಏಳರಲ್ಲಿ ನಾಲ್ಕು ಸತ್ತವು. ಮೂತ್ರದಲ್ಲಿ ಉಪ್ಪೂ ಇರುತ್ತದಲ್ಲ. ನೆಲದಲ್ಲಾದರೆ ಮಳೆಗೆ ಬಸಿದುಹೋದೀತು, ಕುಂಡದಲ್ಲಿ ಎಲ್ಲಿಗೆ ಹೋಗಬೇಕು?

ಪಕ್ಕದ ಹುರುಳಿಕಾಯಿ ಬಳ್ಳಿಯದು ಇನ್ನೊಂದೇ ಕತೆ. ಸ್ವಲ್ಪವೇ ಹಾಕಿದ್ದರೂ ಹಸಿರೋ ಹಸಿರು, ಹೆಸರಿಗೂ ಒಂದು ಕಾಯಿಲ್ಲ! ಬೇರಿನ ಗಂಟುಗಳಲ್ಲೇ ಸಾರಜನಕ ಕೂಡಿಟ್ಟುಕೊಳ್ಳುವ ಗಿಡಕ್ಕೆ ನನ್ನ ಉಪಕಾರ ಬೇಕಿರಲಿಲ್ಲ.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಕ್ಯಾನಿನ ತಳದಲ್ಲಿ ಬೆಳ್ಳಗೆ ಕೂತಿದ್ದ ಗಸಿಯನ್ನು ಗಲೀಜೆಂದು ಉಜ್ಜಿ ಉಜ್ಜಿ ತೊಳೆದು ಚೆಲ್ಲಿದ್ದೆ. ಅದರಲ್ಲಿದ್ದದ್ದು ರಂಜಕ, ಅದೂ ಗಿಡಕ್ಕೆ ಗೊಬ್ಬರವೇ. 1669ರಲ್ಲಿ ಬಂಗಾರದ ಆಸೆಗೆ ಮೂತ್ರ ಕುದಿಸಿದ ಜರ್ಮನಿಯ ರಸವಾದಿ ಹೆನ್ನಿಗ್ ಬ್ರಾಂಡ್‌ಗೆ ಸಿಕ್ಕಿದ್ದೂ ಅದೇ. ಅವನು ಅದನ್ನು ಚರಂಡಿಗೆ ಚೆಲ್ಲಲಿಲ್ಲ.

ಈಗ ಸಂಜೆ ಹೊತ್ತು ಹಾಕುತ್ತೇನೆ. ಕಾಂಡದಿಂದ ಒಂದು ಗೇಣು ದೂರ ಸಣ್ಣ ಸಾಲು ತೆಗೆದು, ನೀರು ಬೆರೆಸಿದ್ದನ್ನು ಹೊಯ್ದು, ಕೂಡಲೇ ಮಣ್ಣು ಮುಚ್ಚುತ್ತೇನೆ. ಎಲೆಗೆ ತಾಕಿಸುವುದಿಲ್ಲ. ಕೊಯ್ಲಿಗೆ ತಿಂಗಳಿದೆ ಎನ್ನುವಾಗ ನಿಲ್ಲಿಸಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಹೊರಗಿನವರಿಗೂ ಕೊಡುವ ಬೆಳೆಯಾದರೆ ಆರು ತಿಂಗಳು ಕೂಡಿಟ್ಟ ಮೇಲೆಯೇ. ಮಾತ್ರೆ ನುಂಗುವ ದಿನಗಳಲ್ಲಿ ಕ್ಯಾನಿಗೆ ರಜೆ.

ಉಳಿದ ಮೂರು ಗಿಡಗಳಲ್ಲಿ ಹಣ್ಣು ಬಂತು. ಹೆಂಡತಿ ಅವನ್ನು ಮೂರು ಸಲ ತೊಳೆದು ಹೆಚ್ಚಿದಳು. ನಾನು ತುಟಿ ಬಿಚ್ಚಲಿಲ್ಲ.