ಭೂಮಿ ಹುಣ್ಣಿಮೆಗೆ ಊರಲ್ಲೇ ಉಳಿದ ಹುಡುಗಿ

ದಸರಾ ರಜೆ ಮುಗಿದ ಮೇಲೂ ಸಾಗರದ ಕಡೆಯ ಹುಡುಗಿಯೊಬ್ಬಳು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಯಾಕಮ್ಮಾ ಅಂದ್ರೆ, 'ಅಜ್ಜಿ ಮನೇಲಿ ಭೂಮಿ ಹುಣ್ಣಿಮೆ ಸರ್' ಅಂದಳು. ಹಿಂದಿನ ಬೆಂಚಿನ ಯಾದಗಿರಿ ಹುಡುಗ ನಕ್ಕ. ಅಂಥ ಹಬ್ಬವೇ ಅವನಿಗೆ ಗೊತ್ತಿಲ್ಲ.

ನಾನು ಬೆಂಗಳೂರಿನ ಅಂಚಿನ ಒಂದು ಶಾಲೆಯಲ್ಲಿ ಎಂಟನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡ್ತೀನಿ. ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೇ ಜಾಸ್ತಿ. 'ಪರಿಸರ ಮತ್ತು ಜನಜೀವನ' ಅಂತ ಬೋರ್ಡ್ ಮೇಲೆ ಬರೆದರೆ ಸಾಕು, ಆಕಳಿಕೆ ಶುರು. ಅವತ್ತು ಪುಸ್ತಕ ಮುಚ್ಚಿಟ್ಟು, ಹಬ್ಬದಲ್ಲಿ ಏನೇನು ಮಾಡಿದ್ರಿ ಹೇಳು ಅಂದೆ.

ಅವಳು ಹೇಳಿದ್ದು ಕೇಳಬೇಕಿತ್ತು ನೀವು. ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಅದರ ಮೇಲೆ ಬಿಳಿ ಚಿತ್ತಾರ ಬರೆಯೋದು, ರಾತ್ರಿಯೆಲ್ಲ ಅಡುಗೆ, ಬೆಳಗಾಗೋ ಮುಂಚೆ ಸೊಪ್ಪುಗಳನ್ನೆಲ್ಲ ಬೇಯಿಸಿ ಗದ್ದೆಗೆ ಬೀರೋದು. ಆ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತೆ. ಅಂದರೆ ಭೂಮಿ ಬಸುರಿ, ಇದು ಅವಳ ಬಯಕೆ ಊಟ.

'ಹೇ, ಇದು ಎಳ್ಳಮಾಸಿ ಅಲ್ರಿ ಸರ!' ಅಂತ ಯಾದಗಿರಿಯವನು ಎದ್ದೇ ಬಿಟ್ಟ. ಎಳ್ಳಮಾವಾಸ್ಯೆ ದಿನ ಅವರಲ್ಲೂ ಹೊಲಕ್ಕೆ ಚರಗ, ಅಂದರೆ ಹಬ್ಬದಡುಗೆಯ ಎಡೆ, ಚೆಲ್ಲುತ್ತಾರೆ. ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಅಂತ ಪಟ್ಟಿ ಕೊಡ್ತಾ ಹೋದ. ಊಟಕ್ಕೆ ಮುಂಚಿನ ಪೀರಿಯಡ್ ಬೇರೆ, ನನ್ನ ಹೊಟ್ಟೆಯೂ ಚುರ್ ಅಂತಿತ್ತು. ಆದರೆ ಅವರ ಹಬ್ಬ ಬರೋದು ಡಿಸೆಂಬರ್-ಜನವರಿಯಲ್ಲಿ.

ಯಾಕೆ? ಇದಕ್ಕೆ ಮಕ್ಕಳೇ ಮಳೆ ನಕಾಶೆ ಕೇಳಿದರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ವಿಜಯಪುರದ ಕಡೆ ಸುಮಾರು 600. ಮಲೆನಾಡಲ್ಲಿ ಮುಂಗಾರು ಮಳೆಗೇ ನಾಟಿ ಆಗಿ ಅಕ್ಟೋಬರಿಗೆ ಭತ್ತ ಕಾಳು ಕಟ್ಟೋಕೆ ಶುರು ಮಾಡುತ್ತೆ. ಯಾದಗಿರಿ ಕಡೆಯ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಮಳೆ ನೀರನ್ನ ಒಳಗೇ ಹಿಡಿದಿಟ್ಟುಕೊಳ್ಳುತ್ತೆ, ಅದಕ್ಕೇ ಬಿಳಿಜೋಳವನ್ನ ಮಳೆ ಮುಗಿಯೋ ಹೊತ್ತಿಗೆ ಬಿತ್ತಿದರೂ ಆ ತೇವದಲ್ಲೇ ಬೆಳೆದು ಎಳ್ಳಮಾವಾಸ್ಯೆಗೆ ತೆನೆ ಬಿಟ್ಟಿರುತ್ತೆ. ಹಬ್ಬದ ದಿನವನ್ನ ಗೊತ್ತು ಮಾಡಿದ್ದು ಮಣ್ಣು ಮತ್ತು ಮಳೆ. ಅಷ್ಟು ಹೇಳಿ ನಾನೂ ಬೀಗಿದೆ, ಸುಳ್ಳು ಯಾಕೆ.

ಅಷ್ಟರಲ್ಲಿ ಅದೇ ಹುಡುಗ, 'ಈಗ ನಮ್ಮ ಕಡಿ ಕಾಲುವಿ ನೀರು ಬಂದಲ್ಲಿ ಭತ್ತಾನೇ ಹಚ್ತಾರ್ರಿ' ಅಂದ. ಹೌದು, ನಾರಾಯಣಪುರ ಅಣೆಕಟ್ಟಿನ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದ ಕಡೆ ಎಷ್ಟೋ ಹೊಲ ಗದ್ದೆಯಾಗಿವೆ. ಪರಿಸರ ಮನುಷ್ಯನನ್ನ ರೂಪಿಸುತ್ತೆ ಅಂತ ಪ್ರತಿವರ್ಷ ಒಂದೇ ಸಾಲು ಒಪ್ಪಿಸ್ತಿದ್ದೆ. ಮನುಷ್ಯ ಪರಿಸರವನ್ನ ಅದಲುಬದಲು ಮಾಡೋ ಮಾತೇ ಎತ್ತಿರಲಿಲ್ಲ.

ಆಮೇಲೆ ನಾನೊಂದು ಪೆದ್ದು ಪ್ರಶ್ನೆ ಕೇಳಿದೆ. 'ನಿಮ್ಮ ಹೊಲ ಎಷ್ಟು ಎಕರೆ?'

'ನಮಗ ಹೊಲ ಇಲ್ರಿ ಸರ. ಮಂದಿ ಹೊಲಕ್ಕ ಕರೀತಿದ್ರು, ಹೋಗ್ತಿದ್ವಿ.'

ತರಗತಿ ಸುಮ್ಮನಾಯ್ತು. ಮಳೆ ನಕಾಶೆ ಇನ್ನೂ ಗೋಡೆ ಮೇಲೆ ತೂಗ್ತಾ ಇತ್ತು, ಅದರಲ್ಲಿ ಈ ಹುಡುಗನ ಮನೆಯವರು ಬೆಂಗಳೂರಿಗೆ ಯಾಕೆ ಬಂದರು ಅನ್ನೋದಕ್ಕೆ ಪೂರ್ತಿ ಉತ್ತರ ಇರಲಿಲ್ಲ. ನಾನು ಏನೋ ಸಮಾಧಾನ ಹೇಳೋಕೆ ಹೊರಟೆ. ಅವನಿಗೆ ಅದೇನೂ ಬೇಕಿರಲಿಲ್ಲ, ಸಾಗರದ ಹುಡುಗಿ ಕಡೆ ತಿರುಗಿ, 'ನಿಮ್ಮಲ್ಲಿ ಹೋಳಿಗಿ ಇರ್ತಾವೇನು?' ಅಂತ ಕೇಳ್ತಾ ಇದ್ದ.