ಮೋಡ ಮುಚ್ಚಿದ್ದರೂ ತರನಾಕಿಗೆ ಹೋಗಿ

ಊರಿಂದ ಅಪ್ಪ ಅಮ್ಮ ನ್ಯೂಜಿಲೆಂಡಿಗೆ ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ತರನಾಕಿ. 2,518 ಮೀಟರ್ ಎತ್ತರದ ಜ್ವಾಲಾಮುಖಿ ಅಂತ ಹೆದರಬೇಡಿ. ನಾವು ತುದಿಯ ಕಡೆ ಹೊರಡಲೇ ಇಲ್ಲ. ಬುಡದ ಕಾಡಲ್ಲಿ ಸಣ್ಣ ಸಣ್ಣ ದಾರಿಗಳಿವೆ, ಅಷ್ಟೇ ಸಾಕು.

ಆಕ್ಲೆಂಡಿಂದ ಬೆಟ್ಟದ ಹತ್ತಿರದ ಊರಾದ ನ್ಯೂ ಪ್ಲಿಮತ್‌ಗೆ ಕಾರಲ್ಲಿ ಐದು ಗಂಟೆ ಬೇಕು. ಒಂದೇ ದಿನದಲ್ಲಿ ಹೋಗಿ ಬರುವ ಆಸೆ ಬಿಡಿ. ನಾವು ಬೆಟ್ಟದ ಪೂರ್ವಕ್ಕಿರುವ ಸಣ್ಣ ಊರು ಸ್ಟ್ರಾಟ್‌ಫರ್ಡಲ್ಲಿ ಉಳಿದೆವು. ಅಲ್ಲಿಂದ ಡಾಸನ್ ಜಲಪಾತದ ಕಡೆಗೆ ಅರ್ಧ ಗಂಟೆ ದಾರಿ. ಇಕ್ಕೆಲದಲ್ಲೂ ಹಸು ಮೇಯುವ ಹುಲ್ಲುಗಾವಲು. ಪಾರ್ಕಿನ ಗಡಿ ಬಂದ ಕೂಡಲೇ ದಟ್ಟ ಕಾಡು. 1881ರಲ್ಲಿ ಬೆಟ್ಟದ ತುದಿಯಿಂದ ಸುತ್ತಲೂ ಆರು ಮೈಲಿ ಕಾಡನ್ನು ಉಳಿಸಬೇಕು ಅಂತ ಗೆರೆ ಎಳೆದಿದ್ದರು. 1900ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಹಾಗಾಗಿ ಮೇಲಿಂದ ನೋಡಿದರೆ ಕಾಡು ದುಂಡಗೆ ಕಾಣುತ್ತದೆ.

ಆ ದಿನ ಬೆಟ್ಟ ಪೂರ್ತಿ ಮೋಡದಲ್ಲಿತ್ತು, ಜಿಟಿಜಿಟಿ ಮಳೆ ಬೇರೆ. ವಾಪಸ್ ಹೋಗೋಣ ಅಂದೆ. ಅಮ್ಮ ಒಪ್ಪಲಿಲ್ಲ. "ಇಷ್ಟು ಮಳೆಗೆ ಯಾರಾದ್ರೂ ವಾಪಸ್ ಹೋಗ್ತಾರೇನೋ?" ಅಂದರು. ತೀರ್ಥಹಳ್ಳಿಯವರು ಅಲ್ವಾ!

ಮೊದಲು ಕಮಾಹಿ ಮರಗಳ ನಡುವಿನ ಸಣ್ಣ ಸುತ್ತು. ಇವುಗಳಲ್ಲಿ ಎಷ್ಟೋ ಮರಗಳು ಬೇರೆ ಮರದ ಮೈಮೇಲೆ ಮೊಳೆತು, ಬೇರನ್ನು ಕೆಳಗಿಳಿಸಿ ಬೆಳೆದವು. ನಮ್ಮ ಕಡೆ ಆಲದ ಮರ ಮಾಡುತ್ತದಲ್ಲ, ಹಾಗೆ. ಅದಕ್ಕೇ ಕಾಂಡವೆಲ್ಲ ಸೊಟ್ಟ, ಗಂಟು ಗಂಟು. ಮೇಲೆ ಬೆರಳು ಹೂತುಹೋಗುವಷ್ಟು ಪಾಚಿ, ಅದರಿಂದ ಇಳಿಬಿದ್ದ ಜರೀಗಿಡ. ಇಲ್ಲಿನವರು ಇದನ್ನು ಕುಳ್ಳ ಭೂತಗಳ ಕಾಡು ಅಂತ ಕರೆಯುತ್ತಾರೆ. ಬಿಸಿಲಿದ್ದಿದ್ದರೆ ಆ ಹಸಿರು ಅಷ್ಟು ಗಾಢವಾಗಿ ಕಾಣುತ್ತಿರಲಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಅಮ್ಮ ಇಂಬಳ ಹತ್ತುತ್ತದೇನೋ ಅಂತ ಕಾಲು ನೋಡಿಕೊಳ್ಳುತ್ತಲೇ ಇದ್ದರು. ಒಂದೂ ಹತ್ತಲಿಲ್ಲ. ಈ ದೇಶದಲ್ಲಿ ಹಾವಂತೂ ಇಲ್ಲ.

ಡಾಸನ್ ಜಲಪಾತ 18 ಮೀಟರ್. ಜೋಗ ನೋಡಿದವರಿಗೆ ಚಿಕ್ಕದೇ. ಆದರೆ ಹಳೆಯ ಲಾವಾ ಬಂಡೆಯ ಅಂಚಿಂದ ನೀರು ನೇರ ಬೀಳುವುದನ್ನು ತೀರಾ ಹತ್ತಿರದಿಂದ ನೋಡಬಹುದು. ಬುಡಕ್ಕೆ ಇಳಿಯಲು ಮೆಟ್ಟಿಲುಗಳಿವೆ, ಒದ್ದೆಯಾದರೆ ಜಾರುತ್ತವೆ. ಮಂಡಿ ನೋವಿರುವವರು ಮೇಲಿಂದಲೇ ನೋಡಲಿ. ಅಪ್ಪ ಚಪ್ಪಲಿಯಲ್ಲೇ ಇಳಿಯಲು ಹೋಗಿ ಜಾರಿದರು. ಪುಣ್ಯಕ್ಕೆ ಕೈ ಸ್ವಲ್ಪ ತರಚಿತು ಅಷ್ಟೇ. ದಯವಿಟ್ಟು ಎಲ್ಲರಿಗೂ ಒಳ್ಳೆ ಹಿಡಿತದ ಶೂ ಹಾಕಿಸಿ.

ನನಗೆ ತುಂಬಾ ಇಷ್ಟವಾಗಿದ್ದು ವಿಲ್ಕೀಸ್ ಪೂಲ್ಸ್. ಲಾವಾ ಹರಿದು ಗಟ್ಟಿಯಾದ ಬಂಡೆಯನ್ನು ಹೊಳೆ ಸಾವಿರಾರು ವರ್ಷ ಉಜ್ಜಿ ಉಜ್ಜಿ ನುಣ್ಣಗಿನ ಗುಂಡಿಗಳನ್ನು ಮಾಡಿದೆ. ಒಂದರಿಂದ ಇನ್ನೊಂದಕ್ಕೆ ನೀರು ಜಾರುತ್ತದೆ. ಪೂರ್ತಿ ಸುತ್ತು ಎರಡು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ಹಿರಿಯರ ಜೊತೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಸುತ್ತು ಮುಗಿಸಲು ಹೊಳೆಯನ್ನು ಕಲ್ಲುಗಳ ಮೇಲೆ ದಾಟಬೇಕು. ನೀರು ಜಾಸ್ತಿ ಇದ್ದರೆ ದಾಟಲೇಬೇಡಿ, ಹೋದ ದಾರಿಯಲ್ಲೇ ಹಿಂತಿರುಗಿ. ನಾವೂ ಹಾಗೇ ಮಾಡಿದೆವು.

ಊಟ, ನೀರು ಸ್ಟ್ರಾಟ್‌ಫರ್ಡಿಂದಲೇ ಕಟ್ಟಿಕೊಳ್ಳಿ. ನಮ್ಮ ಚಪಾತಿ, ಚಟ್ನಿಪುಡಿ ತುಂಬಾ ಉಪಯೋಗಕ್ಕೆ ಬಂತು. ಬೇಸಿಗೆಯಲ್ಲೂ ರೈನ್‌ಕೋಟ್, ಸ್ವೆಟರ್ ಬೇಕೇ ಬೇಕು. ಹೊರಡುವ ಬೆಳಿಗ್ಗೆ ಇಲ್ಲಿನ ಸಂರಕ್ಷಣಾ ಇಲಾಖೆಯ (DOC) ವೆಬ್‌ಸೈಟಲ್ಲಿ ಯಾವ ದಾರಿ ಮುಚ್ಚಿದೆ ನೋಡಿಕೊಳ್ಳಿ.

ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರಿಗೆ ಈ ಬೆಟ್ಟ ಅವರ ಪೂರ್ವಜ. 2025ರಲ್ಲಿ ಕಾನೂನು ಕೂಡ ಅದನ್ನು ಒಬ್ಬ ವ್ಯಕ್ತಿ ಅಂತ ಒಪ್ಪಿತು. ತುದಿ ಪವಿತ್ರ, ಅದರ ಮೇಲೆ ನಿಲ್ಲಬೇಡಿ ಅಂತ ಅವರು ಕೇಳಿಕೊಳ್ಳುತ್ತಾರೆ. ಇದನ್ನು ಅಮ್ಮನಿಗೆ ಹೇಳಿದೆ. ಸಂಜೆ ಕಾರು ಹತ್ತುವಾಗ ಮೋಡ ಒಂದೆರಡು ನಿಮಿಷ ಸರಿದು ಹಿಮದ ತುದಿ ಕಂಡಿತು. ಅಮ್ಮ ಚಪ್ಪಲಿ ಬಿಟ್ಟು, ಒದ್ದೆ ನೆಲದ ಮೇಲೆ ನಿಂತು ಕೈ ಮುಗಿದರು.